ಆಹಾರ ಇಲಾಖೆಯಲ್ಲಿ ಹುಟ್ಟಿದ ಶಾಲೆ

ಹೋಟೆಲ್ ಮ್ಯಾನೇಜ್‌ಮೆಂಟ್ ಶಿಕ್ಷಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ರವಾಸೋದ್ಯಮದಿಂದಲೇ ಶುರು ಮಾಡುತ್ತಾರೆ. ವಿಮಾನ ಬಂತು, ವಿದೇಶಿ ಪ್ರವಾಸಿಗಳು ಬಂದರು, ದೊಡ್ಡ ಹೋಟೆಲುಗಳು ಎದ್ದವು, ಅಲ್ಲಿಗೆ ನುರಿತ ಕೈಗಳು ಬೇಕಾದವು, ಅದಕ್ಕಾಗಿ ಕಾಲೇಜು ತೆರೆದರು ಎಂಬ ಕ್ರಮ. ಓದುವುದಕ್ಕೆ ಸರಾಗವಾಗಿದೆ, ಆದರೆ ನಡೆದದ್ದು ಹಾಗಲ್ಲ. ದೇಶದ ಮೊದಲ ಕ್ಯಾಟರಿಂಗ್ ಕಾಲೇಜು 1954ರಲ್ಲಿ ಮುಂಬಯಿಯಲ್ಲಿ ಶುರುವಾದಾಗ ಅದರ ಮುಂದಿದ್ದದ್ದು ಪ್ರವಾಸಿಯ ಪ್ರಶ್ನೆಯಲ್ಲ, ಪಡಿತರದ ಪ್ರಶ್ನೆ. ಇರುವ ಧಾನ್ಯ ಎಲ್ಲರಿಗೂ ಸಾಲುವುದಿಲ್ಲ, ಅಷ್ಟರಲ್ಲೇ ಹೊಟ್ಟೆ ತುಂಬುವಂತೆ, ಮೈಗೆ ಹಿಡಿಯುವಂತೆ ಹೇಗೆ ಬಡಿಸುವುದು? ಆ ಪ್ರಶ್ನೆ ಹಿಡಿದು ಹೊರಟವರು ಕಟ್ಟಿದ ಕಾಲೇಜು ಅದು.

ಈ ಸಂಗತಿಯನ್ನು ನಮ್ಮ ಸ್ಮರಣ ಸಂಚಿಕೆಯಲ್ಲಿ ವಿವರವಾಗಿ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಈಗ ಎಲ್ಲಾ ಕಾಲೇಜುಗಳಲ್ಲೂ ಸುಸ್ಥಿರ ಪ್ರವಾಸೋದ್ಯಮದ ಪಾಠ ನಡೆಯುತ್ತದೆ. ಆಹಾರದ ಪೋಲು, ನೀರಿನ ಉಳಿತಾಯ, ಸ್ಥಳೀಯ ಬೆಳೆ, ಸಿರಿಧಾನ್ಯ ಎಂದೆಲ್ಲ ಅಧ್ಯಾಯಗಳಿವೆ. ಹುಡುಗರು ಅದನ್ನು ಹೊರಗಿನಿಂದ ಮೊನ್ನೆ ಬಂದ ಹೊಸ ವಿಷಯ ಎಂದುಕೊಂಡು ಪರೀಕ್ಷೆಗೆ ಓದಿ ಮರೆಯುತ್ತಾರೆ. ಅದು ನಮ್ಮ ಶಿಕ್ಷಣದ ಮೊದಲ ವಿಷಯವಾಗಿತ್ತು, ನಡುವೆ ಕೆಲವು ದಶಕ ನಾವೇ ಅದನ್ನು ಬದಿಗೆ ಸರಿಸಿದ್ದೆವು ಎಂದು ಅವರಿಗೆ ಯಾರೂ ಹೇಳಿಲ್ಲ.

1943ರ ಬಂಗಾಳದ ಕ್ಷಾಮ ಮುಗಿದು ಹೆಚ್ಚು ಕಾಲ ಆಗಿರಲಿಲ್ಲ. ದೇಶ ವಿಭಜನೆಯಾದಾಗ ಪಶ್ಚಿಮ ಪಂಜಾಬಿನ ಗೋಧಿ, ಪೂರ್ವ ಬಂಗಾಳದ ಅಕ್ಕಿ ಎರಡೂ ಗಡಿಯಾಚೆ ಉಳಿದವು. ಪಟ್ಟಣಗಳಲ್ಲಿ ಪಡಿತರ ಚೀಟಿ, ಸರದಿ ಸಾಲು. ಹೊರದೇಶದಿಂದ ಧಾನ್ಯ ತರಿಸದೆ ಗತಿಯಿಲ್ಲ, ತರಿಸಲು ಹಣವಿಲ್ಲ. 1950ರಲ್ಲಿ ಆಹಾರ ಮತ್ತು ಕೃಷಿ ಸಚಿವರಾದವರು ಕನ್ಹಯ್ಯಾಲಾಲ್ ಮುನ್ಶಿ. ವನಮಹೋತ್ಸವ ಅದೇ ವರ್ಷ ಅವರು ಶುರು ಮಾಡಿದ್ದು. ಅದನ್ನು ಎಲ್ಲರೂ ಬಲ್ಲರು. ಅವರ ಪತ್ನಿ ಲೀಲಾವತಿ ಮುನ್ಶಿ ಮಾಡಿದ ಕೆಲಸ ಅಷ್ಟು ಪರಿಚಿತವಲ್ಲ. ಆಕೆ ಗುಜರಾತಿಯ ಹೆಸರಾಂತ ಲೇಖಕಿ, ಉಪ್ಪಿನ ಸತ್ಯಾಗ್ರಹದಲ್ಲಿ ದುಡಿದವರು, 1952ರಿಂದ ರಾಜ್ಯಸಭೆಯಲ್ಲಿದ್ದವರು. ಆಕೆಯ ನೇತೃತ್ವದಲ್ಲಿ ಅಖಿಲ ಭಾರತ ಮಹಿಳಾ ಕೇಂದ್ರ ಆಹಾರ ಮಂಡಳಿ ಹುಟ್ಟಿಕೊಂಡಿತು. ಈ ಮಹಿಳೆಯರು ಊರೂರಿಗೆ ಹೋಗಿ ಅಕ್ಕಿ ಕಡಿಮೆ ಉಣ್ಣಿ ಎಂದು ಭಾಷಣ ಮಾಡಿದ್ದರೆ ಅವರ ಹೆಸರು ಇಲ್ಲಿ ಬರುತ್ತಿರಲಿಲ್ಲ. ಅವರು ಅನ್ನಪೂರ್ಣ ಎಂಬ ಹೆಸರಿನಲ್ಲಿ ಕೆಫೆಟೇರಿಯಾಗಳನ್ನೇ ತೆರೆದರು. ಅಕ್ಕಿ ಗೋಧಿಯ ಬದಲು ಗೆಡ್ಡೆ ಗೆಣಸು, ತರಕಾರಿ, ಬೇರೆ ಪೂರಕ ಆಹಾರ ಬಳಸಿ, ಕಡಿಮೆ ದರಕ್ಕೆ, ಜನ ದುಡ್ಡು ಕೊಟ್ಟು ಒಪ್ಪಿ ತಿನ್ನುವ ಹಾಗೆ ಮಾಡಿ ಬಡಿಸುವುದು ಅವರ ಉದ್ದೇಶ.

ಅದೇ ಹೊತ್ತಿಗೆ ನಮ್ಮ ಮೈಸೂರಿನಲ್ಲಿ ಇದೇ ಪ್ರಶ್ನೆಗೆ ಪ್ರಯೋಗಶಾಲೆಯ ಕಡೆಯಿಂದ ಉತ್ತರ ಹುಡುಕುತ್ತಿದ್ದರು. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆ, ಬಾಗಿಲು ತೆರೆಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಮತ್ತು ಅವರ ತಂಡದವರು ಮರಗೆಣಸಿನ ಹಿಟ್ಟು ಮುಕ್ಕಾಲು ಪಾಲು, ನೆಲಗಡಲೆ ಹಿಟ್ಟು ಕಾಲು ಪಾಲು ಬೆರೆಸಿ ಮೈಸೂರು ಹಿಟ್ಟು ಎಂಬುದನ್ನು ತಯಾರಿಸಿದರು. ಅದೇ ಬಗೆಯ ಪದಾರ್ಥಗಳಿಂದ ಅಕ್ಕಿಕಾಳಿನಂಥ ಕಾಳು ಮಾಡಿ ಅನ್ನಕ್ಕೆ ಬದಲಿಯಾಗಿ ಪರೀಕ್ಷೆಗೂ ಬಿಟ್ಟರು. ಅದು ಮನೆಮನೆಯ ಅಡುಗೆಯಾಗಲಿಲ್ಲ. ಆದರೆ ಮೈಸೂರಿನ ವಿಜ್ಞಾನಿಗಳೂ ಅನ್ನಪೂರ್ಣದ ಹೆಣ್ಣುಮಕ್ಕಳೂ ಒಂದೇ ಲೆಕ್ಕ ಬಿಡಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಇವರಿಬ್ಬರಿಗಿಂತ ಮೊದಲೇ ಒಂದು ಹೋಟೆಲಿನ ಅಡುಗೆಮನೆ ಆ ಲೆಕ್ಕ ಬಿಡಿಸಿತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ಇಡ್ಲಿ ನಿಲ್ಲುವ ಹಾಗಾದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಎಂಬುದು ಆ ಮನೆತನದವರೇ ಹೇಳುತ್ತ ಬಂದ ಮಾತು. ಇಂದು ರವೆ ಇಡ್ಲಿ ತಿನ್ನುವ ಯಾರಿಗೂ ಅದು ಕೊರತೆಯ ಕೂಸು ಎಂದು ಹೊಳೆಯುವುದಿಲ್ಲ. ಬದಲಿ ಅಡುಗೆ ರುಚಿಯಾಗಿದ್ದರೆ ಮಾತ್ರ ಬಾಳುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿ ಬಂದು ತಮ್ಮ ಅಡುಗೆಮನೆಯ ಶುಚಿತ್ವದ ಪದ್ಧತಿಗಳನ್ನೇ ಬದಲಿಸಿದರು. ದೇಶದಲ್ಲಿ ಇನ್ನೂ ಕ್ಯಾಟರಿಂಗ್ ಕಾಲೇಜು ಇಲ್ಲದ ಕಾಲದಲ್ಲಿ ಒಬ್ಬ ಹೋಟೆಲಿನ ಯಜಮಾನರು ತಮಗೆ ತಾವೇ ಕಾಲೇಜಾಗಿದ್ದರು.

ಮಹಿಳಾ ಮಂಡಳಿಯವರ ಕಥೆಗೆ ಮರಳೋಣ. ಕೆಫೆಟೇರಿಯಾ ನಡೆಸಿದವರಿಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ನಾಲ್ಕು ಜನಕ್ಕೆ ಚೆನ್ನಾಗಿ ಅಡುಗೆ ಮಾಡುವವರು ನಾಲ್ಕು ನೂರು ಜನಕ್ಕೆ ಮಾಡಲಾರರು. ಸಾಮಾನು ತರಿಸುವುದು, ಉಗ್ರಾಣ ಕಾಯುವುದು, ಒಂದು ತಟ್ಟೆಗೆ ಇಷ್ಟೇ ಎಂದು ಅಳತೆ ಕಟ್ಟುವುದು, ಉಳಿದದ್ದನ್ನು ಕೆಡಿಸದೆ ಇಡುವುದು ಇವೆಲ್ಲ ಬೇರೆಯದೇ ವಿದ್ಯೆ. 1954ರಲ್ಲಿ ಮುಂಬಯಿಯಲ್ಲಿ ಕ್ಯಾಟರಿಂಗ್ ಕಾಲೇಜನ್ನು ಸ್ಥಾಪಿಸಿದ್ದು ಇದೇ ಮಂಡಳಿ, ಇದೇ ಲೀಲಾವತಿ ಮುನ್ಶಿಯವರ ಮುಂದಾಳತ್ವ. ದಾದರಿನಲ್ಲಿ ನೆಲೆಯೂರಿದ ಆ ಸಂಸ್ಥೆಯ ಪೂರ್ಣ ಹೆಸರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್, ಕ್ಯಾಟರಿಂಗ್ ಟೆಕ್ನಾಲಜಿ ಜೊತೆಗೆ ಅಪ್ಲೈಡ್ ನ್ಯೂಟ್ರಿಷನ್ ಕೂಡ ಇದೆ. ದೇಶದ ಇಂಥ ಎಷ್ಟೋ ಕೇಂದ್ರ ಸಂಸ್ಥೆಗಳ ಫಲಕಗಳಲ್ಲಿ ಇವತ್ತಿಗೂ ಆ ಮೂರನೆಯ ಭಾಗ ಉಳಿದುಕೊಂಡಿದೆ. ಪಂಚತಾರಾ ಹೋಟೆಲಿನ ಕೆಲಸಕ್ಕೆ ಪೋಷಣಶಾಸ್ತ್ರ ಯಾಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ಉತ್ತರ 1954ರಲ್ಲಿದೆ.

ದಾದರಿಗೆ ಹೊಂದಿಕೊಂಡೇ ಮಾಟುಂಗಾ ಇದೆ. ಕನ್ನಡಿಗರಾದ ನಾವು ಈ ಭೂಗೋಳವನ್ನು ಮರೆಯಬಾರದು. ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ, ಕಾಲೇಜಿಗಿಂತ ಹನ್ನೆರಡು ವರ್ಷ ಮೊದಲು. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಹುಡುಗರು ಲೋಟ ತೊಳೆಯುವುದರಿಂದ ಶುರು ಮಾಡಿ ಮಾಣಿಯಾಗಿ, ಆಮೇಲೆ ಒಳಗೆ ಭಟ್ಟರ ಕೈಕೆಳಗೆ ನಿಂತು, ಕೊನೆಗೆ ಗಲ್ಲಾದಲ್ಲಿ ಕೂರುವ ತನಕ ಏರುವ ಏಣಿಯೊಂದು ಅಲ್ಲಿತ್ತು. ಹಗಲು ದುಡಿಮೆ, ರಾತ್ರಿ ಕನ್ನಡದ ನೈಟ್ ಸ್ಕೂಲು. ಅವರಿಗೆ ಸರ್ಟಿಫಿಕೇಟು ಕೊಟ್ಟವರಿಲ್ಲ. ಆದರೆ ಸುಸ್ಥಿರತೆಯ ಪಾಠದಲ್ಲಿ ಈಗ ನಾವು ಬರೆಸುವ ಎಷ್ಟೋ ಸಂಗತಿ ಆ ಅಡುಗೆಮನೆಯ ದಿನಚರಿಯಾಗಿತ್ತು. ಹೀರೇಕಾಯಿ ಹುಳಿಗೆ, ಅದರ ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಬಿಳಿ ತಿರುಳು ದೋಸೆಗೆ. ಬಾಳೆಯಲ್ಲಿ ಹಣ್ಣು, ಕಾಯಿ, ಹೂವು, ದಿಂಡು ಯಾವುದೂ ಹೊರಗೆ ಹೋಗದು, ಎಲೆ ಕೊನೆಗೆ ದನದ ಬಾಯಿಗೆ. ಹಲಸಿನ ಬೀಜ ಮಳೆಗಾಲಕ್ಕೆ ಕೂಡಿಟ್ಟ ತರಕಾರಿ. ಒಳನಾಡಿನ ಬಸ್ಸಾರು ಕೂಡ ಹೀಗೆಯೇ, ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿದ್ದು.

ಕಾಲೇಜಿಗೂ ಮಾಟುಂಗಾಕ್ಕೂ ಬಹಳ ಕಾಲ ಮಾತುಕತೆ ಬೆಳೆಯಲಿಲ್ಲ. ಕಾಲೇಜಿನ ಪಾಠಕ್ರಮ ಬ್ರಿಟಿಷ್ ಮಾದರಿಯದು, ಒಳಗಿನ ಅಡಿಪಾಯ ಫ್ರೆಂಚ್ ಅಡುಗೆಯದು. ಅದಕ್ಕೊಂದು ಕಾರಣವೂ ಇತ್ತು: ಆ ಅಡುಗೆಗೆ ಬರೆದಿಟ್ಟ ಕ್ರಮವಿತ್ತು, ಪುಸ್ತಕವಿತ್ತು, ಪರೀಕ್ಷೆ ಮಾಡಬಹುದಾದ ಅಳತೆಯಿತ್ತು. ಭಟ್ಟರ ಅಡುಗೆ ಅವರ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ.

ಭಾರತದ ಅಡುಗೆಯನ್ನು ಕಾಗದಕ್ಕೆ ತಂದು, ಕಲಿಸಬಹುದಾದ ವಿದ್ಯೆಯಾಗಿ ಮಾಡಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ತಂಗಂ ಎಲಿಜಬೆತ್ ಫಿಲಿಪ್. 1921ರಲ್ಲಿ ಹುಟ್ಟಿದ ಕೇರಳದ ಈ ಹೆಣ್ಣುಮಗಳು ದೆಹಲಿಯ ಲೇಡಿ ಇರ್ವಿನ್ ಕಾಲೇಜಿನಲ್ಲಿ ಗೃಹವಿಜ್ಞಾನ ಓದಿ, ದಾದರಿನ ಸಂಸ್ಥೆಗೆ ದೀರ್ಘ ಕಾಲ ಪ್ರಾಂಶುಪಾಲರಾಗಿದ್ದರು. ಮಾಡರ್ನ್ ಕುಕರಿ ಫಾರ್ ಟೀಚಿಂಗ್ ಅಂಡ್ ದಿ ಟ್ರೇಡ್ ಎಂಬ ಅವರ ಎರಡು ಸಂಪುಟಗಳು ದೇಶದ ಎಲ್ಲಾ ಕ್ಯಾಟರಿಂಗ್ ಕಾಲೇಜುಗಳಲ್ಲಿ ಮನೆಮಾತಾದವು. ಪುಸ್ತಕದ ಹೆಸರು ಯಾರೂ ಹೇಳುತ್ತಿರಲಿಲ್ಲ, 'ತಂಗಂ ಫಿಲಿಪ್ ತಗೊಂಡ್ ಬಾ' ಎಂದರೆ ಆಯಿತು. ಚಿಟಿಕೆ, ಹಿಡಿ, ರುಚಿಗೆ ತಕ್ಕಷ್ಟು ಎಂಬ ಅಳತೆಗಳಿದ್ದ ಜಾಗದಲ್ಲಿ ಅವರು ಗ್ರಾಂ, ಮಿಲಿಲೀಟರ್ ತಂದರು. ಅದರಿಂದ ಅಡುಗೆಯ ಜೀವ ಹೋಗುತ್ತದೆ ಎಂದು ಗೊಣಗಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟು ಹಾಕಿದೆವು ಎಂದು ಗೊತ್ತಿಲ್ಲದವನಿಗೆ ಎಷ್ಟು ಪೋಲಾಯಿತು ಎಂದೂ ಗೊತ್ತಾಗುವುದಿಲ್ಲ. ಅವರಿಗೆ 1976ರಲ್ಲಿ ಪದ್ಮಶ್ರೀ ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಸೆರೆಸ್ ಪದಕವನ್ನೂ ಕೊಟ್ಟಿತು. ಹೋಟೆಲ್ ಕಲಿಸುವ ಟೀಚರಿಗೆ ಕೃಷಿ ಮತ್ತು ಆಹಾರದ ಪದಕ ಬಂತೆಂದರೆ ಅವರು ಕಲಿಸಿದ್ದು ಏನೆಂದು ಊಹಿಸಬಹುದು. 2009ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಿಗಿಂತ ಹೆಚ್ಚು ಸುದ್ದಿಯಾದದ್ದು ಹೋಟೆಲುಗಳ ಅಡುಗೆಮನೆಗಳಲ್ಲಿ.

ಮುಂಬಯಿಯ ನಂತರ 1960ರ ದಶಕದ ಮೊದಲ ವರ್ಷಗಳಲ್ಲಿ ದೆಹಲಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಸಂಸ್ಥೆಗಳಾದವು. ಎಲ್ಲವೂ ಕೇಂದ್ರ ಕೃಷಿ ಸಚಿವಾಲಯದ ಆಹಾರ ಇಲಾಖೆಯ ಅಡಿಯಲ್ಲಿ. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕೇಳಿಕೊಂಡು, ಹೋಟೆಲುಗಳೂ ಸೋಮವಾರ ಸಂಜೆ ಬಾಗಿಲು ಮುಚ್ಚಿದ್ದು ಹಿರಿಯರಿಗೆ ನೆನಪಿದೆ. ಅಂಥ ವರ್ಷಗಳಲ್ಲಿ ಬೆಳೆದ ಕಾಲೇಜುಗಳು ಇವು. ಮೂರು ವರ್ಷದ ಡಿಪ್ಲೊಮಾ ಕೊಡುವ ದೊಡ್ಡ ಸಂಸ್ಥೆಗಳ ಕೆಳಗೆ ಕಸುಬಿಗೆ ನೇರವಾಗಿ ಕೈ ತರಬೇತಿ ಕೊಡುವ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟುಗಳೂ ಬಂದವು. ಅಡುಗೆ, ಬಡಿಸುವಿಕೆ, ಬೇಕರಿ, ಹೌಸ್‌ಕೀಪಿಂಗ್ ಇಂಥ ಒಂದೊಂದೇ ಕಸುಬು, ಕಡಿಮೆ ಅವಧಿ, ಕಡಿಮೆ ಶುಲ್ಕ. ಬೆಂಗಳೂರಿನ ಸಂಸ್ಥೆ ಹುಟ್ಟಿದ್ದೂ ಹೀಗೆ ಒಂದು ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟಾಗಿ. ಶೇಷಾದ್ರಿ ರಸ್ತೆಯಲ್ಲಿ, ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆವರಣದಲ್ಲಿ ಅದರ ಠಾವು. 1980ರ ದಶಕದಲ್ಲಿ ಅದು ಪೂರ್ಣ ಪ್ರಮಾಣದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಾಯಿತು. ಪಾಲಿಟೆಕ್ನಿಕ್ಕಿನ ಲೇತು, ಮಗ್ಗಗಳ ಪಕ್ಕದಲ್ಲೇ ಒಲೆ ಹೊತ್ತಿದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಅಡುಗೆ ಕೂಡ ಕೈಯಿಂದ ಕಲಿಯುವ ಕಸುಬೇ ಎಂದು ಆ ಜಾಗ ಒಪ್ಪಿಕೊಂಡಿತ್ತು.

ಈ ಕಾಲೇಜುಗಳ ಒಳಗೆ ಏನು ನಡೆಯುತ್ತಿತ್ತು ಎಂದು ಹೊರಗಿನವರಿಗೆ ಗೊತ್ತಾಗಬೇಕಾದರೆ ಪ್ರಾಕ್ಟಿಕಲ್ ಕ್ಲಾಸ್ ನೋಡಬೇಕು. ಮೊದಲ ವರ್ಷಕ್ಕೆ ಬಿಟಿಕೆ, ಎರಡನೇ ವರ್ಷಕ್ಕೆ ಕ್ಯೂಟಿಕೆ, ಕೊನೆಗೆ ಎಟಿಕೆ: ಮೂಲ ಅಡುಗೆ, ದೊಡ್ಡ ಪ್ರಮಾಣದ ಅಡುಗೆ, ಮೇಲ್ಮಟ್ಟದ ಅಡುಗೆ. ಬೆಳಿಗ್ಗೆ ಬಿಳಿ ಕೋಟು, ಏಪ್ರನ್, ಟೋಪಿ, ಕತ್ತರಿಸಿದ ಉಗುರು ತೋರಿಸಿ ಒಳಗೆ ಹೋಗಬೇಕು. ಒಬ್ಬ ಹುಡುಗ ಇಂಡೆಂಟ್ ಹಿಡಿದು ಸ್ಟೋರಿಗೆ ಓಡುತ್ತಾನೆ. ಸ್ಟೋರಿನವರು ತಕ್ಕಡಿಯಲ್ಲಿ ತೂಗಿ, ಇಂಡೆಂಟಿನಲ್ಲಿ ಬರೆದದ್ದಕ್ಕಿಂತ ಹತ್ತು ಗ್ರಾಂ ಹೆಚ್ಚು ಕೊಡುವುದಿಲ್ಲ. ಮೇಜಿನ ಮೇಲೆ ಎರಡು ಬೋಗುಣಿ, ಒಂದು ಹೆಚ್ಚಿದ ತರಕಾರಿಗೆ, ಒಂದು ಸಿಪ್ಪೆಗೆ. ಎಲ್ಲರೂ ಆಲೂಗಡ್ಡೆ ಸುಲಿಯುತ್ತಿರುವಾಗ ಮೇಷ್ಟ್ರು ಬಂದು ಮೊದಲು ನೋಡುವುದು ಆಲೂಗಡ್ಡೆಯನ್ನಲ್ಲ, ಸಿಪ್ಪೆಯ ಬೋಗುಣಿಯನ್ನು. ಒಂದು ಸಿಪ್ಪೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

"ಏನಪ್ಪಾ, ಬೆಳಕೇ ಕಾಣಿಸ್ತಿಲ್ವಲ್ಲ ಇದ್ರಲ್ಲಿ?"

"ಸರ್, ಚಾಕು ಮೊಂಡು ಸರ್."

"ಚಾಕು ಮಸೆಯೋದೂ ನಿನ್ನ ಕೆಲಸನೇ ತಾನೆ? ತಗೊಂಡ್ಹೋಗು, ತೂಕ ಹಾಕು ಇದನ್ನ. ಜರ್ನಲ್ಲಲ್ಲಿ ಬರಿ. ಒಂದು ಕೇಜಿಗೆ ಇಷ್ಟು ಹೋಯ್ತು ಅಂತ."

ಮಗ್ಗುಲಿನ ಹುಡುಗಿಯ ಸಿಪ್ಪೆ ತೂಗಿದರೆ ಅದರ ಅರ್ಧವೂ ಇರುತ್ತಿರಲಿಲ್ಲ. ಇಬ್ಬರ ಅಂಕಿಯೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರುತ್ತಿತ್ತು. ಆಮೇಲೆ ಆ ದಿನದ ಮಾರುಕಟ್ಟೆ ದರಕ್ಕೆ ಗುಣಿಸಿ, ನೂರು ಜನದ ಹೋಟೆಲಿನಲ್ಲಿ ವರ್ಷಕ್ಕೆ ಎಷ್ಟು ರೂಪಾಯಿ ಕಸದ ಡಬ್ಬಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿಸುತ್ತಿದ್ದರು.

ಇಲ್ಲಿ ಒಂದು ಎಳೆದಾಟವೂ ಇತ್ತು. ಫ್ರೆಂಚ್ ಪದ್ಧತಿಯಲ್ಲಿ ಶಾತೋ ಎಂಬ ಆಕಾರವಿದೆ, ಆಲೂಗಡ್ಡೆಯನ್ನು ಏಳು ಮುಖದ ಪೀಪಾಯಿಯಂತೆ ಕೆತ್ತುವುದು. ಕೆತ್ತನೆಯಲ್ಲಿ ಗಣನೀಯ ಭಾಗ ಚೂರಾಗಿ ಹೋಗುತ್ತದೆ. ಪರೀಕ್ಷೆಗೆ ಅದು ಬೇಕು, ಕಲಿಸದೆ ವಿಧಿಯಿಲ್ಲ. ಒಳ್ಳೆಯ ಮೇಷ್ಟ್ರು ಆ ಚೂರುಗಳನ್ನೆಲ್ಲ ಒಟ್ಟು ಮಾಡಿಸಿ ಅದೇ ದಿನದ ಸೂಪಿಗೆ ಹಾಕಿಸುತ್ತಿದ್ದರು. ಆ ಸೂಪು ಮೆನುವಿನಲ್ಲಿ ಇಲ್ಲದಿದ್ದರೆ ಮೆನುವನ್ನೇ ಬದಲಿಸುತ್ತಿದ್ದರು. ಎರಡನೇ ವರ್ಷದವರ ಅಡುಗೆ ಇಡೀ ಕಾಲೇಜಿಗೆ ಮಧ್ಯಾಹ್ನದ ಊಟ. ಮಾಡಿದ್ದನ್ನು ತಾವೇ ಬಡಿಸಬೇಕು, ಉಳಿದದ್ದನ್ನು ತಾವೇ ಬರೆದಿಡಬೇಕು. ಅನ್ನ ಉಳಿದರೆ ನಾಳಿನ ಇಂಡೆಂಟಿನಲ್ಲಿ ಅಕ್ಕಿ ಇಳಿಯುತ್ತಿತ್ತು.

ಹೌಸ್‌ಕೀಪಿಂಗ್ ತರಗತಿಯಲ್ಲೂ ಇದೇ ಶಿಸ್ತು. ಲಿನನ್ ರೂಮಿನಲ್ಲಿ ಕಂಡೆಮ್ ಮಾಡಿದ ಬಟ್ಟೆ ಎಂಬ ಪಾಠ. ಹಾಸಿಗೆಯ ಹೊದಿಕೆ ನಡುವೆ ಸವೆದರೆ ಅಂಚಿನ ಗಟ್ಟಿ ಭಾಗ ಕತ್ತರಿಸಿ ದಿಂಬಿನ ಚೀಲ, ತೊಟ್ಟಿಲಿನ ಹಾಸು. ಟವೆಲ್ ಹಳತಾದರೆ ಧೂಳು ಒರೆಸುವ ಬಟ್ಟೆ, ಆಮೇಲೆ ನೆಲ ಒರೆಸುವ ಬಟ್ಟೆ. ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ನಮೂದು. ಈಗ ಕೋಣೆಯಲ್ಲಿ ಒಂದು ಚೀಟಿ ಇಟ್ಟು 'ಟವೆಲನ್ನು ಮತ್ತೆ ಬಳಸಿ, ಭೂಮಿಯನ್ನು ಉಳಿಸಿ' ಎಂದು ಅತಿಥಿಗೆ ಹೇಳುತ್ತೇವೆ. ಒಳ್ಳೆಯದೇ. ಆದರೆ ಅತಿಥಿಗೆ ಕಾಣದ ಲಿನನ್ ರೂಮಿನ ಆ ರಿಜಿಸ್ಟರು ಹೆಚ್ಚು ಉಳಿಸುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

1980ರ ದಶಕದ ಆರಂಭದಲ್ಲಿ ದೊಡ್ಡ ತಿರುವು ಬಂತು. ಹಸಿರು ಕ್ರಾಂತಿಯಿಂದ ಧಾನ್ಯದ ಹೆದರಿಕೆ ಕಡಿಮೆಯಾಗಿತ್ತು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಹೋಟೆಲುಗಳು ಎದ್ದವು. ಹೋಟೆಲ್ ಶಿಕ್ಷಣವನ್ನು ಆಹಾರ ಇಲಾಖೆಯಿಂದ ಪ್ರವಾಸೋದ್ಯಮ ಇಲಾಖೆಗೆ ವರ್ಗಾಯಿಸಿ, ಅದರ ಉಸ್ತುವಾರಿಗೆ 1982ರಲ್ಲಿ ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿದರು. ಇದರಿಂದ ಲಾಭವಾದದ್ದು ಬಹಳ: ದೇಶಾದ್ಯಂತ ಒಂದೇ ಪಠ್ಯ, ಒಂದೇ ಪ್ರವೇಶ ಪರೀಕ್ಷೆ, ಹೊಸ ಕಾಲೇಜುಗಳು, ಮುಂದೆ ಡಿಪ್ಲೊಮಾದ ಜಾಗದಲ್ಲಿ ಪದವಿ. ಹಳ್ಳಿಯಿಂದ ಬಂದ ಮಕ್ಕಳು ದುಬೈ, ಲಂಡನ್ನಿನ ಹೋಟೆಲುಗಳಲ್ಲಿ ಜನರಲ್ ಮ್ಯಾನೇಜರುಗಳಾದರು. ಆದರೆ ಇಲಾಖೆ ಬದಲಾದಾಗ ಪ್ರಶ್ನೆಯೂ ಬದಲಾಯಿತು. ಇಷ್ಟು ಧಾನ್ಯದಲ್ಲಿ ಎಷ್ಟು ಜನಕ್ಕೆ ಬಡಿಸಬಹುದು ಎಂಬುದರ ಬದಲು, ಒಬ್ಬ ಪ್ರವಾಸಿಯಿಂದ ಎಷ್ಟು ವಿದೇಶಿ ವಿನಿಮಯ ಬರುತ್ತದೆ ಎಂಬುದು ಮುಖ್ಯವಾಯಿತು. ಬಫೆ ಮೇಜು ತುಂಬಿ ತುಳುಕಬೇಕು, ಕೊನೆಯ ಅತಿಥಿಗೂ ಮೊದಲ ಅತಿಥಿಗೆ ಕಂಡಷ್ಟೇ ರಾಶಿ ಕಾಣಬೇಕು ಎಂಬುದು ಆತಿಥ್ಯದ ಗುರುತಾಯಿತು. ಸಿಪ್ಪೆ ತೂಗುವ ಮೇಷ್ಟ್ರು ನಿವೃತ್ತರಾದ ಮೇಲೆ ಆ ತಕ್ಕಡಿ ಎಷ್ಟೋ ಕಡೆ ಬೀರು ಸೇರಿತು.

ಕರ್ನಾಟಕದಲ್ಲಿ ಇದೇ ದಶಕದಲ್ಲಿ ಎರಡು ಸಂಸ್ಥೆಗಳು ಬೇರೆ ಬೇರೆ ದಾರಿಯಲ್ಲಿ ಬೆಳೆದವು. ಮೊದಲನೆಯದು 1986ರಲ್ಲಿ ಡಾ. ಟಿ.ಎಂ.ಎ. ಪೈ ಫೌಂಡೇಷನ್ ಮತ್ತು ಐಟಿಸಿ ಸೇರಿ ಮಣಿಪಾಲದಲ್ಲಿ ಕಟ್ಟಿದ ವೆಲ್‌ಕಂಗ್ರೂಪ್ ಗ್ರಾಜುಯೇಟ್ ಸ್ಕೂಲ್. ಕಾಲೇಜಿನ ಮಗ್ಗುಲಲ್ಲೇ ನಿಜವಾದ ಹೋಟೆಲ್ ಇರುವುದು, ಹುಡುಗರು ನಿಜವಾದ ಅತಿಥಿಗೆ ಬಡಿಸಿ ಕಲಿಯುವುದು ಅಲ್ಲಿಯ ವಿಶೇಷ. ಉಡುಪಿಯಿಂದ ಕೂಗಳತೆಯ ದೂರದಲ್ಲಿ, ಅಷ್ಟಮಠಗಳ ಭೋಜನಶಾಲೆಯ ನೆರೆಯಲ್ಲಿ ಇಂಥ ಕಾಲೇಜು ಬಂದದ್ದು ನೆಲದ ಋಣ ಎನ್ನಬೇಕು. ಅಲ್ಲಿ ಓದಿದ ವಿಕಾಸ್ ಖನ್ನಾ ಜಗತ್ಪ್ರಸಿದ್ಧ ಬಾಣಸಿಗರಾದ ಮೇಲೆ, 2018ರಲ್ಲಿ ಅದೇ ಆವರಣದಲ್ಲಿ ದೇಶದ ಹಳೆಯ ಅಡುಗೆ ಪಾತ್ರೆಗಳ ಸಂಗ್ರಹಾಲಯ ಬಂತು. ಕಂಚು, ತಾಮ್ರ, ಹಿತ್ತಾಳೆ, ಮಣ್ಣು, ಮರ ಹೀಗೆ ತಲೆಮಾರುಗಟ್ಟಲೆ ಬಾಳುವ, ಸವೆದರೆ ಕಲಾಯಿ ಹಾಕಿ ಮತ್ತೆ ಬಳಸುವ ಸಾಮಾನುಗಳು. ಪ್ಲಾಸ್ಟಿಕ್ ಡಬ್ಬದಲ್ಲಿ ಊಟ ಕಟ್ಟಿಕೊಡುವ ಕಾಲದ ವಿದ್ಯಾರ್ಥಿಗೆ ಆ ಕಟ್ಟಡ ಒಂದು ಇಡೀ ಸೆಮಿಸ್ಟರಿನಷ್ಟು ಕಲಿಸಬಲ್ಲದು.

ಎರಡನೆಯದು ಕಾಲೇಜೇ ಅಲ್ಲ. ಆದರೂ ಅದನ್ನು ಬಿಟ್ಟು ಸುಸ್ಥಿರ ಪ್ರವಾಸೋದ್ಯಮದ ತರಬೇತಿಯ ಚರಿತ್ರೆ ಬರೆಯಲು ನನಗೆ ಮನಸ್ಸಿಲ್ಲ. 1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸ್ಥಾಪಿಸಿತು. ಕಬಿನಿಯ ಹಿನ್ನೀರಿನ ಅಂಚಿನಲ್ಲಿ, ಕಾರಾಪುರದ ಹಳೆಯ ಬೇಟೆ ಬಂಗಲೆಯಲ್ಲಿ ಅದರ ಮೊದಲ ಲಾಡ್ಜು. ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಬಾಯಲ್ಲಿ ಪಾಪಾ, 2010ರಲ್ಲಿ ಕೊನೆಯುಸಿರೆಳೆಯುವ ತನಕ ಅಲ್ಲೇ ನೆಲೆಸಿ ಅದನ್ನು ರೂಪಿಸಿದರು. ಒಂದು ಕಾಲಕ್ಕೆ ಬೇಟೆ ಆಡಿದ್ದ ಕೈ ಅದು, ಆಮೇಲೆ ಕಾಡನ್ನು ತೋರಿಸುವ ಕೈಗಳನ್ನು ತಯಾರು ಮಾಡಿತು. ಆನೆಗೆ ಎಷ್ಟು ದೂರದಲ್ಲಿ ಜೀಪು ನಿಲ್ಲಿಸಬೇಕು, ಎಂಜಿನ್ ಯಾವಾಗ ಆರಿಸಬೇಕು, ಹುಲಿ ಕಾಣದ ದಿನ ಅತಿಥಿಗೆ ಏನು ತೋರಿಸಬೇಕು ಎಂಬ ವಿದ್ಯೆಗೆ ಆಗ ಯಾವ ಪಠ್ಯವೂ ಇರಲಿಲ್ಲ. ಕಾಡಂಚಿನ ಊರುಗಳ ಹುಡುಗರು, ಹೆಜ್ಜೆ ಗುರುತು ನೋಡಿ ಹೊತ್ತು ಹೇಳಬಲ್ಲವರು, ಆ ವಿದ್ಯೆಯ ಅಧ್ಯಾಪಕರೂ ಆಗಿದ್ದರು. ಮುಂದೆ ನ್ಯಾಚುರಲಿಸ್ಟ್ ತರಬೇತಿ ಒಂದು ಕ್ರಮಕ್ಕೆ ಬಂತು. ಹುಲಿ ಕಾಣದ ದಿನ ಗೆದ್ದಲು ಹುತ್ತ, ಮತ್ತಿ ಮರದ ತೊಗಟೆ, ಚಿತಾಳದ ಎಚ್ಚರಿಕೆಯ ಕೂಗು ಇವುಗಳನ್ನೇ ಹುಲಿಯಷ್ಟು ಆಸಕ್ತಿಯಿಂದ ತೋರಿಸಬಲ್ಲವನೇ ನನ್ನ ಲೆಕ್ಕದಲ್ಲಿ ಈ ಉದ್ಯಮದ ಅತಿ ಬೆಲೆಯುಳ್ಳ ಕೆಲಸಗಾರ. ಅವನಿಲ್ಲದ ಕಡೆ ಚಾಲಕರು ಹುಲಿಯ ಹಿಂದೆ ಜೀಪು ಓಡಿಸುತ್ತಾರೆ, ಕಾಡು ಕೆಡುತ್ತದೆ.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸಬಹುದು. 2002ನ್ನು ವಿಶ್ವಸಂಸ್ಥೆ ಪರಿಸರ ಪ್ರವಾಸೋದ್ಯಮದ ವರ್ಷವೆಂದು ಸಾರಿತು. 2014ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಭಾರತದ ಸುಸ್ಥಿರ ಪ್ರವಾಸೋದ್ಯಮದ ಮಾನದಂಡಗಳನ್ನು ಹೊರತಂದಿತು. ನಕ್ಷತ್ರ ದರ್ಜೆ ಬೇಕೆಂದರೆ ಕೊಳಚೆ ನೀರಿನ ಶುದ್ಧೀಕರಣ, ಮಳೆನೀರಿನ ಸಂಗ್ರಹ ಇರಬೇಕಾಯ್ತು. 2016ರ ಘನತ್ಯಾಜ್ಯ ನಿಯಮಗಳು ಬಂದ ಮೇಲೆ ಹೋಟೆಲುಗಳು ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕಾಯ್ತು, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕಾಯ್ತು. 2023ರ ಸಿರಿಧಾನ್ಯ ವರ್ಷದಲ್ಲಿ ಪಂಚತಾರಾ ಹೋಟೆಲುಗಳ ಮೆನುವಿನಲ್ಲಿ ರಾಗಿ, ನವಣೆ, ಸಾಮೆ ಕಾಣಿಸಿಕೊಂಡವು. ಮುದ್ದೆ ಉಣ್ಣುವ ನಾಡಿನ ಹುಡುಗರಿಗೆ ತಮ್ಮ ಅಜ್ಜಿಯ ಅಡುಗೆ ಪರೀಕ್ಷೆಯ ವಿಷಯವಾಗಿ ವಾಪಸು ಬಂತು.

ಒಂದು ಅಂಕಿಯನ್ನು ಮಾತ್ರ ನಿಧಾನವಾಗಿ ಓದಿಕೊಳ್ಳಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುವಂತೆ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇ. 60 ಮನೆಗಳಿಂದ, ಶೇ. 12 ಅಂಗಡಿಗಳಿಂದ, ಶೇ. 28 ಹೋಟೆಲು, ಕ್ಯಾಂಟೀನುಗಳಂಥ ಊಟ ಬಡಿಸುವ ಜಾಗಗಳಿಂದ. ಅಂದರೆ ನಮ್ಮ ಕಾಲೇಜುಗಳಿಂದ ಹೊರಬಿದ್ದವರು ನಿಂತು ಕೆಲಸ ಮಾಡುವ ಜಾಗಗಳಿಂದ. ಲೀಲಾವತಿ ಮುನ್ಶಿಯವರ ಕಾಲದಲ್ಲಿ ಧಾನ್ಯ ಇರಲಿಲ್ಲ, ಅದಕ್ಕೇ ಉಳಿಸಬೇಕಿತ್ತು. ಈಗ ಧಾನ್ಯ ಇದೆ, ನೀರು, ಮಣ್ಣು, ಹವೆ ಕೈಬಿಡುತ್ತಿವೆ. ಕಾರಣ ಬೇರೆಯಾದರೂ ಅಡುಗೆಮನೆಯಲ್ಲಿ ಮಾಡಬೇಕಾದ ಕೆಲಸ ಒಂದೇ: ತೂಗಬೇಕು, ಬರೆಯಬೇಕು, ನಾಳಿನ ಇಂಡೆಂಟನ್ನು ತಿದ್ದಬೇಕು.

ಹಾಗಾಗಿ ಸುಸ್ಥಿರತೆಯನ್ನು ಪ್ರತ್ಯೇಕ ವಿಷಯವಾಗಿ, ತರಗತಿಯಲ್ಲಿ ಕೂರಿಸಿ, ಸ್ಲೈಡ್ ತೋರಿಸಿ ಕಲಿಸುವುದರಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಅದು ಬಿಟಿಕೆಯ ಮೇಜಿನ ಮೇಲೆ, ಸ್ಟೋರಿನ ತಕ್ಕಡಿಯಲ್ಲಿ, ಲಿನನ್ ರೂಮಿನ ರಿಜಿಸ್ಟರಿನಲ್ಲಿ ಬರಬೇಕು. ಪದವಿಯವರಿಗಷ್ಟೇ ಸಿಕ್ಕರೂ ಸಾಲದು. ಹೋಟೆಲಿನಲ್ಲಿ ಹೆಚ್ಚು ಅಡುಗೆ ಮುಟ್ಟುವವರು, ಹೆಚ್ಚು ನೀರು ಬಳಸುವವರು ಮ್ಯಾನೇಜರುಗಳಲ್ಲ. ಕೇಂದ್ರ ಸರ್ಕಾರ 2009ರ ಸುಮಾರಿಗೆ ಶುರು ಮಾಡಿದ ಹುನರ್ ಸೇ ರೋಜ್‌ಗಾರ್ ತಕ್ ಯೋಜನೆ ಎಂಟನೇ ತರಗತಿ ಓದಿದವರಿಗೂ ಇದೇ ಕಾಲೇಜುಗಳ ಅಡುಗೆಮನೆಯನ್ನು ತೆರೆಯಿತು. ಕೆಲವೇ ವಾರಗಳ ಉಚಿತ ತರಬೇತಿ, ಸಮವಸ್ತ್ರ, ಸ್ವಲ್ಪ ಭತ್ಯೆ. ಪದವಿಯ ಹುಡುಗರು ನಿಂತ ಅದೇ ಮೇಜಿನ ಎದುರು ಗಾರೆ ಕೆಲಸ ಬಿಟ್ಟು ಬಂದ ಹುಡುಗರು ನಿಂತರು. ನಾನು ಕಂಡಂತೆ ಸಿಪ್ಪೆ ತೆಳ್ಳಗೆ ಬರುತ್ತಿದ್ದದ್ದು ಹೆಚ್ಚಾಗಿ ಇವರ ಕೈಯಲ್ಲಿ. ಒಂದು ಆಲೂಗಡ್ಡೆಗೆ ಎಷ್ಟು ಬೆಲೆ ಎಂದು ಇವರಿಗೆ ಮೊದಲೇ ಗೊತ್ತಿತ್ತು. ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟುಗಳ ಮೂಲ ಕಲ್ಪನೆಯೂ ಇಂಥವರಿಗಾಗಿಯೇ ಇತ್ತು. ಸಂಸ್ಥೆಗಳೆಲ್ಲ ಮೇಲ್ದರ್ಜೆಗೆ ಏರುವಾಗ ಕೆಳಗಿನ ಮೆಟ್ಟಿಲು ಖಾಲಿಯಾಗದ ಹಾಗೆ ನೋಡಿಕೊಳ್ಳುವುದು ಮುಂದಿನ ಆಡಳಿತದವರ ಹೊಣೆ.

ಇನ್ನೊಂದು ಕೆಲಸ ಹಳೆಯ ವಿದ್ಯಾರ್ಥಿಗಳಿಂದ ಆಗಬೇಕು. ಸಂಸ್ಥೆಗಳ ಚರಿತ್ರೆಯಲ್ಲಿ ಮಂತ್ರಿಗಳು, ಪ್ರಾಂಶುಪಾಲರು, ಕಟ್ಟಡದ ಶಂಕುಸ್ಥಾಪನೆ ಎಲ್ಲ ದಾಖಲಾಗುತ್ತವೆ. ಸ್ಟೋರ್‌ಕೀಪರು, ಪ್ರಾಕ್ಟಿಕಲ್ ಮಾಡಿಸಿದ ಮೇಷ್ಟ್ರು, ಒಲೆ ಹೊತ್ತಿಸಿದ ಅಟೆಂಡರು ಅಲ್ಲಿ ಇರುವುದಿಲ್ಲ. ಅವರು ಇರುವುದು ನಿಮ್ಮ ಪ್ರಾಕ್ಟಿಕಲ್ ಜರ್ನಲ್ಲುಗಳಲ್ಲಿ: ಆ ದಿನದ ಮೆನು, ಇಂಡೆಂಟು, ಒಂದು ಕಿಲೋ ಸಕ್ಕರೆಯ ಅಂದಿನ ದರ, ಎಷ್ಟು ಜನಕ್ಕೆ ಮಾಡಿದ್ದು, ಎಷ್ಟು ಉಳಿದದ್ದು, ಪಕ್ಕದಲ್ಲಿ ಕೆಂಪು ಶಾಯಿಯ ಟಿಪ್ಪಣಿ. ಎಣ್ಣೆ ಕಲೆಯಾಗಿ, ಅಂಚು ಹರಿದು, ಮನೆಯ ಅಟ್ಟದ ಮೇಲೆ ಬಿದ್ದಿರುತ್ತವೆ. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದೂ ಅವೇ. ದಯವಿಟ್ಟು ಹಾಕಬೇಡಿ. ನಿಮ್ಮ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಿ, ಬ್ಯಾಚಿನ ವರ್ಷ ಮೇಲೆ ಬರೆದು ಕೊಡಿ. ಎರಡನೇ ವರ್ಷದ ಕ್ಯೂಟಿಕೆ ಜರ್ನಲ್ ಇದ್ದರೆ ಅದನ್ನು ಮೊದಲು.